ಎರಡೂವರೆ ಟನ್ನಿನ ಪ್ಯಾಲೆಟ್ ಟ್ರಕ್: ಎಂಟು ತಿಂಗಳು ಎಳೆದ ಮೇಲೆ

ದಾವಣಗೆರೆಯಲ್ಲಿ ನಮ್ಮದೊಂದು ಪಶು ಆಹಾರದ ಗೋಡೌನ್. ಎಲ್ಲಾ 50 ಕೆಜಿ ಚೀಲಗಳೇ. ಹಿರಿಯ ಹಮಾಲರೊಬ್ಬರಿಗೆ ಸೊಂಟ ಹಿಡಿದುಕೊಂಡ ಮೇಲೆ ಚೀಲ ಪೇರಿಸಿದ ಮರದ ಹಲಗೆಮಣೆಯನ್ನು (ಪ್ಯಾಲೆಟ್) ಎತ್ತಿ ಸಾಗಿಸುವ, ಎರಡೂವರೆ ಟನ್‌ವರೆಗೆ ಹೊರುವ ಈ ಕೈಗಾಡಿ ತಂದೆ.

ಬಳಸೋದು ಸುಲಭ. ಹಿಡಿಯ ಲಿವರ್ ಕೆಳಗೊತ್ತಿ ಪಂಪ್ ಹೊಡೆದರೆ ಫೋರ್ಕ್ (ಪ್ಯಾಲೆಟ್ ಅಡಿಗೆ ತೂರುವ ಎರಡು ಉದ್ದ ತೋಳು) ಏಳುತ್ತದೆ, ಲಿವರ್ ಮೇಲೆತ್ತಿದರೆ ಇಳಿಯುತ್ತದೆ. ನಡುವೆ ಇಟ್ಟುಕೊಂಡು ಎಳೆಯಬೇಕು. 20 ಚೀಲ, ಅಂದ್ರೆ ಒಂದು ಟನ್, ಸಮ ನೆಲದಲ್ಲಿ ಒಬ್ಬರೇ ಸಾಗಿಸುತ್ತಾರೆ.

ಆದರೆ ಇದಕ್ಕೆ ಬ್ರೇಕ್ ಇಲ್ಲ! ಮಾರಿದವರು ಈ ಮಾತೇ ಎತ್ತಲಿಲ್ಲ. ಎರಡನೇ ವಾರ ಬಾಗಿಲ ಇಳಿಜಾರಿನಲ್ಲಿ ತುಂಬಿದ ಗಾಡಿ ತಾನಾಗಿಯೇ ಹೊರಟಿತು. ನಾನು ಪಕ್ಕಕ್ಕೆ ಹಾರಿದೆ, ಎಡಗಾಲಿನ ಚಪ್ಪಲಿ ಚಕ್ರದಡಿ ಹೋಯಿತು. ಸದ್ಯ, ಬೆರಳು ಉಳಿಯಿತು. ಈಗ ಇಳಿಜಾರಿಗೆ ಲೋಡ್ ತರೋದೇ ಇಲ್ಲ, ಎಲ್ಲರಿಗೂ ಸೇಫ್ಟಿ ಶೂ ಕೊಡಿಸಿದ್ದೇನೆ.

ನೈಲಾನ್ ಚಕ್ರದ ಸದ್ದು ಜಾಸ್ತಿ. ಪಾಲಿಯುರೇಥೇನ್ ಚಕ್ರದ್ದನ್ನೇ ಕೇಳಬೇಕಿತ್ತು. ಕೆಳಗೂ ಹಲಗೆ ಹೊಡೆದ ಪ್ಯಾಲೆಟ್ ಇದ್ದರೆ ಮೊದಲು ಅಳತೆ ನೋಡಿ. ಮುಂದಿನ ಚಕ್ರ ಹಲಗೆ ಮೇಲೆ ಕೂತರೆ, ಎತ್ತುವಾಗ ಹಲಗೆ ಕಿತ್ತು ಬರುತ್ತದೆ. ನಮ್ಮವು ಮೂರು ಹೋದವು.

ಒಮ್ಮೆ ಎಷ್ಟು ಪಂಪ್ ಹೊಡೆದರೂ ಫೋರ್ಕ್ ಏಳಲಿಲ್ಲ. ಮೆಕ್ಯಾನಿಕ್ ಫೋನಿನಲ್ಲೇ ಹೇಳಿದ: "ಒಳಗೆ ಗಾಳಿ ಸೇರಿರ್ತದೆ ಸಾರ್. ಲಿವರ್ ಮೇಲೆತ್ತಿ ಹಿಡ್ಕೊಂಡು ಹತ್ತು ಸಲ ಪಂಪ್ ಹೊಡೀರಿ." ಸರಿಹೋಯಿತು. ಅವನು ಕಾಸೂ ಕೇಳಲಿಲ್ಲ.

ಹಾಂ, ಸಂಜೆ ಫೋರ್ಕ್ ಪೂರ್ತಿ ಇಳಿಸಿ, ಗೋಡೆ ಕಡೆ ತಿರುಗಿಸಿ ನಿಲ್ಲಿಸಿ. ಕತ್ತಲಲ್ಲಿ ಎಡವಿದವನು ನಾನೇ.