ಮೂರು ವರ್ಷ ಬಳಸಿದ ಕಂಪ್ರೆಷನ್ ಗೇಜ್, ಪದ್ಮಿನಿಯ ನೀಲಿ ಹೊಗೆ

ನನ್ನ 1986ರ ಪ್ರೀಮಿಯರ್ ಪದ್ಮಿನಿ ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಬುಸ್ ಅಂತ ನೀಲಿ ಹೊಗೆ ಬಿಡುತ್ತಿತ್ತು. ಆಮೇಲೆ ಏನೂ ಆಗದವರ ಹಾಗೆ ಸುಮ್ಮನಾಗುತ್ತಿತ್ತು. ಗ್ಯಾರೇಜಿನವರು ದೂರದಿಂದಲೇ ನೋಡಿ, "ರಿಂಗ್ ಹೋಗ್ಯಾವ್ರೀ ಸರ, ಇಂಜಿನ್ ಇಳಸಬೇಕು, ಬೋರ್ ಮಾಡಸಬೇಕು" ಅಂದರು. ರಿಂಗ್ ಅಂದರೆ ಪಿಸ್ಟನ್ ಸುತ್ತ ಕೂತು ಸಿಲಿಂಡರಿನ ಸಂದು ಮುಚ್ಚುವ ಬಳೆ. ಬಾನೆಟ್ ಕೂಡ ಎತ್ತಿರಲಿಲ್ಲ. ಆ ಸಿಟ್ಟಿನಲ್ಲೇ, ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತೆ ಅಂತ ಅಳೆಯುವ ಈ ಗೇಜ್ ತರಿಸಿದ್ದು. ಸಾವಿರ ರೂಪಾಯಿಯೊಳಗೇ ಬಂತು.

ಇದು ಪ್ಲಗ್ ಜಾಗದಲ್ಲಿ ತಿರುಗಿಸಿ ಕೂರಿಸುವ ಪೈಪಿನದು. ತಗೊಂಡರೆ ಇಂಥದ್ದೇ ತಗೊಳ್ಳಿ. ರಬ್ಬರ್ ತುದಿಯದನ್ನು ಕೈಯಲ್ಲಿ ಒತ್ತಿ ಹಿಡಿದು, ಅತ್ತ ಆಕ್ಸಿಲರೇಟರ್ ತುಳಿಯೋಕೆ ಒಬ್ಬರ ಕೈಲಿ ಆಗಲ್ಲ ಅಲ್ವಾ?

ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದೆ. ಬಂದ ಒತ್ತಡ 122, 118, 124, 120 ಪಿಎಸ್ಐ. ಸಿಲಿಂಡರಿಗೆ ಒಂದೊಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿದರೂ ಐದಾರು ಏರಿತು, ಅಷ್ಟೇ. ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಮುಳ್ಳು ಚೆನ್ನಾಗಿ ಜಿಗಿಯಬೇಕಿತ್ತು.

ರಿಂಗ್ ಅಲ್ಲ ಅಂತ ಗೇಜ್ ಹೇಳಿತು. ಮತ್ತೇನು ಅನ್ನೋದನ್ನು ಹೇಳಿದ್ದು ಚೋರ್ಲಾ ಘಾಟ್. ಗೋವಾ ಕಡೆ ಗೇರಿನಲ್ಲೇ ಇಳಿಸಿ, ಕೆಳಗೆ ಬಂದು ಆಕ್ಸಿಲರೇಟರ್ ತುಳಿದರೆ ಕನ್ನಡಿಯಲ್ಲಿ ರಸ್ತೆಯೇ ಕಾಣಲಿಲ್ಲ. ಮರಳಿ ಹತ್ತುವಾಗ ಹೊಗೆಯೇ ಇಲ್ಲ! ಕಾಲು ತೆಗೆದು ಇಳಿಯುವಾಗ ಕಾರ್ಬುರೇಟರ್ ಬಾಯಿ ಮುಚ್ಚಿರುತ್ತೆ. ಗಾಳಿ ಸಿಗದ ಇಂಜಿನ್ ಸವೆದ ವಾಲ್ವ್ ಗೈಡಿನ (ವಾಲ್ವಿನ ಕಡ್ಡಿ ಜಾರುವ ಕೊಳವೆ) ಸಂದಿಯಿಂದ ಆಯಿಲನ್ನೇ ಹೀರುತ್ತೆ, ಮತ್ತೆ ತುಳಿದಾಗ ಅದು ಉರಿದು ನೀಲಿ ಹೊಗೆಯಾಗುತ್ತೆ. ಇಂಜಿನ್ನಿನ ಮೇಲ್ಭಾಗದ ಹೆಡ್ ಮಾತ್ರ ಇಳಿಸಿ, ಉದ್ಯಮಬಾಗದ ಲೇತ್ ಶಾಪಿನಲ್ಲಿ ಎಂಟೂ ಗೈಡ್ ಬದಲಿಸಿದೆ. ಹೊಗೆ ನಿಂತಿತು.

ಇನ್ನು ಗೇಜಿನ ತಕರಾರು. ಎರಡನೇ ವರ್ಷ ಮುಳ್ಳು ಏರಿದಲ್ಲಿ ನಿಲ್ಲದೆ ಇಳಿಯತೊಡಗಿತು. ಪೈಪಿನ ತುದಿಯಲ್ಲಿ ಟೈರಿನದರಂಥದೇ ಒಂದು ಪುಟ್ಟ ವಾಲ್ವ್ ಪಿನ್ ಇದೆ, ಅದು ಸೋರುತ್ತಿತ್ತು. ಜಾಣತನ ಮಾಡಿ ಪಂಕ್ಚರ್ ಅಂಗಡಿಯಿಂದ ಒಂದು ತಂದು ಹಾಕಿದೆ. ನೋಡಿದರೆ ನಾಲ್ಕೂ ಸಿಲಿಂಡರ್ 95ರ ಆಸುಪಾಸು! ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ತಿಳಿಯಿತು, ಟೈರ್ ಪಿನ್ನಿನ ಸ್ಪ್ರಿಂಗ್ ಜಾಸ್ತಿ ಬಿಗಿ, ಅದನ್ನು ತೆರೆಯೋಕೇ ಒಂದಿಷ್ಟು ಒತ್ತಡ ಖರ್ಚಾಗುತ್ತೆ. ಗೇಜಿಗೆ ಅಂತಲೇ ಬರುವ ಮೆತ್ತನೆ ಸ್ಪ್ರಿಂಗಿನ ಪಿನ್ ತರಿಸಿ ಹಾಕಿದೆ, ಮತ್ತೆ 120. ಇದನ್ನು ಜೊತೆಗೆ ಬಂದ ಚೀಟಿಯಲ್ಲಿ ಒಂದು ಸಾಲು ಬರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ನಮ್ಮ ಬೆಳಗಾವಿ ಮಳೆಗೆ ಗಾಜಿನೊಳಗೆ ಹಬೆ ಕೂರುತ್ತೆ. ಪೈಪಿನ ಒಂದು ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಬದಲಿಸಿದ್ದೇನೆ. ಇವೆರಡೂ ದೊಡ್ಡ ಮಾತಲ್ಲ.

ಟಿಳಕವಾಡಿಯ ನಮ್ಮ ಓಣಿಯ ಕಾಕಾ ಒಬ್ಬರು ತಮ್ಮ ಡೀಸೆಲ್ ಅಂಬಾಸಿಡರಿಗೆ ಇದನ್ನು ಕೇಳಿದ್ದರು. ಕೊಡಲಿಲ್ಲ. ಇದರ ಡಯಲ್ 300ಕ್ಕೇ ಮುಗಿಯುತ್ತೆ, ಡೀಸೆಲ್ ಇಂಜಿನ್ ಸರಿ ಇದ್ದರೆ ಸುಲಭವಾಗಿ ಅದನ್ನು ದಾಟುತ್ತೆ. ಕಾಕಾ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ.