ಮಾರುತಿ ಫ್ರಾಂಕ್ಸ್ ಕಾರು: 1.0 ಟರ್ಬೋ ಇಂಜಿನ್ನಾ, ಸಾದಾ 1.2 ಸಾಕಾ?

ಉಡುಪಿ ಕಡೆಯವ್ರಾದ್ರೆ ಮೊದ್ಲು ಘಾಟಿ ಲೆಕ್ಕ ಹಾಕಿ ಮಾರ್ರೆ. 1.2ರಲ್ಲಿ ಟಾರ್ಕ್ (ಎಳೆಯೋ ಬಲ) 113 ಎನ್‌ಎಂ, ಅದೂ ಪೂರ್ತಿ ಸಿಗೋದು ಇಂಜಿನ್ ನಿಮಿಷಕ್ಕೆ 4400 ಸುತ್ತು ತಿರುಗಿದಾಗ, ಅಂದ್ರೆ 4400 ಆರ್‌ಪಿಎಂಗೆ, 1.0 ಟರ್ಬೋ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬೋ ಫ್ಯಾನ್ ಇರೋದು), ಅಂದ್ರೆ ಬೂಸ್ಟರ್‌ಜೆಟ್‌ನಲ್ಲಿ 147.6 ಉಂಟು, 2000ದಿಂದ್ಲೇ ಸಿಗ್ತದೆ, ಹಾಗಾಗಿ ಐದು ಜನ ಲಗೇಜು ಹಾಕ್ಕೊಂಡು ಆಗುಂಬೆ ಹತ್ತುವಾಗ 1.2ಕ್ಕೆ ಗೇರ್ ಇಳಿಸ್ತಾನೇ ಇರ್ಬೇಕು, ಟರ್ಬೋ ಆರಾಮ ಎಳೀತದೆ. ಟರ್ಬೋ ಬೇಗ ಹಾಳು ಅನ್ನೋದೆಲ್ಲ ಸುಮ್ನೆ, ಅದರ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗ್ತದೆ, ಹಾಗಾಗಿ ಆಯಿಲ್ ಹಳತಾದ್ರೆ, ಕಮ್ಮಿಯಾದ್ರೆ ಹೆಚ್ಚಾಗಿ ಬೇರಿಂಗ್ ಹೋಗೋದು. ಕಂಪನಿ ಹೇಳಿದ ಗ್ರೇಡ್ ಆಯಿಲ್ ಟೈಮಿಗೆ ಹಾಕ್ಸಿ, ಘಾಟಿ ಹತ್ತಿದ ಕೂಡ್ಲೇ ಇಂಜಿನ್ ಆಫ್ ಮಾಡದೆ, ಬಿಸಿಯಾದ ಟರ್ಬೋ ತಣಿಯೋಕೆ ಒಂಚೂರು ಐಡ್ಲಿಂಗಲ್ಲಿ ಬಿಡಿ. 1.2ಕ್ಕೆ ಇಷ್ಟು ನಾಜೂಕಿಲ್ಲ, ಟರ್ಬೋದಲ್ಲಿರೋ ಹಾಗೆ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮೋದು) ಇಲ್ಲದ್ದರಿಂದ ವಾಲ್ವಿಗೆ ಕಾರ್ಬನ್ ಕೂರೋ ತಲೆಬಿಸಿಯೂ ಕಮ್ಮಿ. ಬರೀ ಮಣಿಪಾಲ-ಉಡುಪಿ ಓಡಾಟ ಆದ್ರೆ ನಾನಂತೂ 1.2 ತಗೊಳ್ತೇನೆ, ದುಡ್ಡೂ ಉಳೀತದೆ.