ಹತ್ತಡಿ ರೂಮಿನಲ್ಲಿ ‘ಎಷ್ಟು ಬೇಕಾದ್ರೂ ನಡೀರಿ’ ಅಂದರೆ ನಂಬಬೇಡಿ

ವಿಆರ್ (ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಕಂಪ್ಯೂಟರ್ ತೋರಿಸುವ ಲೋಕದೊಳಗೆ ಆಡುವ) ಗೇಮ್ ಸೆಂಟರ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಓದಿ. ಬೆಂಗಳೂರಿನ ಒಂದು ಮಾಲ್‌ನಲ್ಲಿ ನನ್ನ ತಂಗಿಯ ಮಗಳು ಹೆಡ್‌ಸೆಟ್ ಹಾಕಿಕೊಂಡು ಓಡಿ, ನೇರವಾಗಿ ಗೋಡೆಗೆ ಗುದ್ದಿದಳು. ಮಣಿಕಟ್ಟು ಊದಿಕೊಂಡಿತು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಆದರೆ ರಾತ್ರಿವರೆಗೂ ತಲೆಸುತ್ತು, ವಾಂತಿ.

ಅಲ್ಲಿ ನಮಗೆ ಹೇಳಿದ್ದು ಇಷ್ಟು: “ರೀಡೈರೆಕ್ಟೆಡ್ ವಾಕಿಂಗ್ ಟೆಕ್ನಾಲಜಿ ಇದೆ ಮೇಡಂ, ಈ ರೂಮಿನಲ್ಲೇ ಇಡೀ ಕಾಡು ಸುತ್ತಬಹುದು.”

ಈ ತಂತ್ರ ಸುಳ್ಳಲ್ಲ. 2001ರಲ್ಲೇ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಮಾಡಿ ತೋರಿಸಿದ್ದಾರೆ. ಕಣ್ಣಿಗೆ ಕಾಣುವ ದೃಶ್ಯವನ್ನು ಗೊತ್ತಾಗದಷ್ಟು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾರೆ. ನಾವು ನೇರ ಹೋಗುತ್ತಿದ್ದೇವೆ ಅಂದುಕೊಳ್ಳುತ್ತೇವೆ, ಕಾಲು ಮಾತ್ರ ಸುತ್ತು ಹಾಕುತ್ತಿರುತ್ತದೆ. ಆದರೆ ಅದಕ್ಕೆ ಜಾಗ ಬೇಕು. 2010ರ ಒಂದು ಅಧ್ಯಯನದಲ್ಲಿ, ಈ ಸುತ್ತು ಗೊತ್ತಾಗದಿರಲು ವೃತ್ತದ ತ್ರಿಜ್ಯ ಸುಮಾರು 22 ಮೀಟರ್ ಇರಬೇಕು ಅಂತ ಕಂಡುಬಂತು. ಅಂದರೆ ಈ ಕಡೆಯಿಂದ ಆ ಕಡೆಗೆ 140 ಅಡಿಗೂ ಜಾಸ್ತಿ! ಆಮೇಲಿನ ಪ್ರಯೋಗಗಳಲ್ಲಿ ಕಡಿಮೆ ಜಾಗ ಸಾಕು ಅಂತಲೂ ಬಂದಿದೆ, ಆದರೂ ಹತ್ತಡಿ ರೂಮಿಗೆ ಅದು ಹೊಂದುವ ಮಾತೇ ಅಲ್ಲ. ಚಿಕ್ಕ ಜಾಗದಲ್ಲಿ ಪ್ರಾಮಾಣಿಕವಾಗಿ ಮಾಡಿದ ಆಟವಾದರೆ, ಗೋಡೆ ಹತ್ತಿರ ಬಂದಾಗಲೆಲ್ಲ ‘ನಿಲ್ಲಿ, ತಿರುಗಿ’ ಅನ್ನುತ್ತದೆ.

ಆ ಸೆಂಟರ್‌ನವರು ಕೊಟ್ಟಿದ್ದು ಸುಮ್ನೆ ಜಾಯ್‌ಸ್ಟಿಕ್ಕಿನಲ್ಲಿ ಓಡಿಸುವ ಆಟ. ವಾಂತಿ ಬಂದಿದ್ದೂ ಅದರಿಂದಲೇ ಇರಬೇಕು: ಕಣ್ಣು ‘ಓಡುತ್ತಿದ್ದೇನೆ’ ಅನ್ನುತ್ತದೆ, ಸಮತೋಲನ ನೋಡಿಕೊಳ್ಳುವ ಒಳಕಿವಿ ‘ನಿಂತಿದ್ದೇನೆ’ ಅನ್ನುತ್ತದೆ. ಅದಕ್ಕಿಂತ ದೊಡ್ಡ ತಪ್ಪು, ಗೋಡೆ ಹತ್ತಿರ ಬಂದಾಗ ಕಣ್ಣೆದುರು ಕಾಣಬೇಕಾದ ಬೌಂಡರಿ ಗೆರೆಯನ್ನೇ ಆಫ್ ಮಾಡಿದ್ದರು. ಕೇಳಿದರೆ “ಅದು ಪದೇ ಪದೇ ಬಂದ್ರೆ ಮಕ್ಕಳಿಗೆ ಮಜಾ ಇರಲ್ಲ” ಎಂಬ ಉತ್ತರ. “ಹೆದರಬೇಡ ಪುಟ್ಟಾ, ಓಡು” ಅಂದವರೂ ಅವರೇ. ಕೊನೆಗೆ ‘ನಾವು ಹೇಳಿದ ಮಾತನ್ನು ಮಗು ಕೇಳಲಿಲ್ಲ’ ಅಂದುಬಿಟ್ಟರು. ಹೇಳಿದಂತೆ ಓಡಿದ ಮಗುವಿನ ಮೇಲೆ ತಪ್ಪು ಹೊರಿಸಿದ್ದು ನನಗೆ ಇವತ್ತಿಗೂ ಸಂಕಟ.

ಮಗುವಿಗೆ ಹಾಕುವ ಮೊದಲು ಹೆಡ್‌ಸೆಟ್ಟನ್ನು ನೀವೇ ಹಾಕಿಕೊಳ್ಳಿ. ಕೈ ಮುಂದೆ ಚಾಚಿ, ನಿಧಾನವಾಗಿ ಗೋಡೆಯ ಕಡೆ ಹೆಜ್ಜೆ ಇಡಿ. ಗೆರೆ ಕಾಣದಿದ್ದರೆ ದುಡ್ಡು ಹೋದರೂ ಪರವಾಗಿಲ್ಲ, ಹೊರಗೆ ಬನ್ನಿ. ಚಿಕ್ಕ ರೂಮಾದರೆ, ತೋರಿಸಿದ ಜಾಗಕ್ಕೆ ಥಟ್ಟನೆ ಕರೆದೊಯ್ಯುವ ‘ಟೆಲಿಪೋರ್ಟ್’ ಇರುವ ಆಟವನ್ನೇ ಕೇಳಿ. ನಡೆದ ಹಾಗೆ ಅನಿಸುವುದಿಲ್ಲ, ನಿಜ. ಆದರೆ ತಲೆಸುತ್ತು ಕಡಿಮೆ, ಓಡಬೇಕಾಗಿಯೂ ಇಲ್ಲ. ನಿಜವಾಗಿ ನಡೆಯಲೇಬೇಕು ಅಂದರೆ, ಸೊಂಟಕ್ಕೆ ಪಟ್ಟಿ ಕಟ್ಟಿ ನಿಂತಲ್ಲೇ ಕಾಲಾಡಿಸುವ ವಿಆರ್ ಟ್ರೆಡ್‌ಮಿಲ್ ಇರುವ ಕಡೆ ಹೋಗಿ. ಅಲ್ಲಿ ಮಗುವಿನ ಎತ್ತರಕ್ಕೆ ಪಟ್ಟಿ ಸರಿಹೊಂದುತ್ತದೆಯೇ ಅಂತ ನೋಡಿಕೊಂಡೇ ಹತ್ತಿಸಿ.